ಅಟ್ಟ ಖಾಲಿಯಾದ ವರ್ಷ

ಕಳೆದ ತಿಂಗಳು ಪಿರಿಯಾಪಟ್ಟಣದ ಸಂತೆಗೆ ಹೋಗಿದ್ದೆ. ಸಂತೆಮಾಳದ ಅಂಚಿನ ಹುಣಸೆಮರದ ಬುಡದಲ್ಲಿ ಒಬ್ಬ ಮುದುಕ ಕುಳಿ ತೋಡಿ, ಇದ್ದಿಲು ಹೊತ್ತಿಸಿ, ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುತ್ತಿದ್ದ. ಸ್ಟೀಲು ಬಂದ ಮೇಲೆ ಕಲಾಯಿ ಯಾರಿಗೂ ಬೇಡವಾಗಿದೆ. ಇವನೊಬ್ಬ ಹೇಗೆ ಉಳಿದನೋ. ಕಾದ ಪಾತ್ರೆಯೊಳಕ್ಕೆ ಅವನು ನವಸಾಗರದ ಪುಡಿ ಎಸೆದ. ಬುಸ್ಸೆಂದು ಬಿಳಿ ಹೊಗೆ ಎದ್ದು ಮೂಗಿಗೆ ಬಡಿಯಿತು. ಜೊತೆಗಿದ್ದ ಮೊಮ್ಮಗಳು ಸೆರಗಿನಿಂದ ಮೂಗು ಮುಚ್ಚಿಕೊಂಡು "ನಡಿ ಅಜ್ಜಿ" ಅಂದಳು. ನನಗೆ ಅಲ್ಲಿಂದ ಕಾಲು ಕೀಳಲು ಮನಸ್ಸಾಗಲಿಲ್ಲ. ಎಡತೊರೆಯ ನಮ್ಮ ಗಾಣದ ಮನೆಯ ಅಂಗಳದಲ್ಲಿ, ನಾನು ಹದಿನೆಂಟರ ಸೊಸೆಯಾಗಿದ್ದ ವರ್ಷವಿಡೀ ಅದೇ ಘಾಟು ತುಂಬಿತ್ತು.

ಹಳೇ ಎಡತೊರೆ ಖಾಲಿಯಾಗುತ್ತಿದ್ದ ಕಾಲ ಅದು. ಕಾವೇರಿ ದಂಡೆಯ ಊರಿಗೆ ಪದೇ ಪದೇ ನೀರು ನುಗ್ಗುತ್ತಿತ್ತು. ಕೊನೆಗೆ ಮಹಾರಾಜರ ಸರ್ಕಾರ ದೂರದ ದಿಣ್ಣೆಯಲ್ಲಿ ಹಗ್ಗ ಹಿಡಿಸಿ, ಬೀದಿಗಳನ್ನು ನೇರವಾಗಿ ಗುರುತು ಮಾಡಿಸಿ, ಅಲ್ಲಿಗೆ ಹೋಗಿ ಮನೆ ಕಟ್ಟಿಕೊಳ್ಳಿರೆಂದು ಜಾಗ ಕೊಟ್ಟಿತು. ಮುಂದೆ ಅದೇ ಕೃಷ್ಣರಾಜನಗರವಾಯಿತು. ನಾವೆಲ್ಲ ಆಗ 'ಹೊಸ ಊರು' ಅನ್ನುತ್ತಿದ್ದೆವು ಅಷ್ಟೆ. ನಾನು ಹಾರನಹಳ್ಳಿಯಿಂದ ಮದುವೆಯಾಗಿ ಬಂದ ಮೊದಲ ಮಳೆಗಾಲದಲ್ಲೇ ನೀರು ನಮ್ಮ ಜಗಲಿಯ ಮೂರನೇ ಮೆಟ್ಟಿಲು ಮುಟ್ಟಿ ಇಳಿದಿತ್ತು. ನಮ್ಮ ಯಜಮಾನರು ಹಠ ಹಿಡಿದು ಹೊಸ ಊರಿನಲ್ಲಿ ಮೂರು ಅಂಕಣದ ಮನೆಯನ್ನೂ ಗಾಣಕ್ಕೊಂದು ಕೊಟ್ಟಿಗೆಯನ್ನೂ ಎಬ್ಬಿಸಿದರು. ಯುಗಾದಿಗೆ ಒಕ್ಕಲು ಹೋಗುವುದೆಂದು ಮಾತಾಯಿತು.

ಆದರೆ ಅತ್ತೆ ದೇವೀರಮ್ಮ ಒಪ್ಪಲಿಲ್ಲ.

"ನೀವು ಓಗಿ, ಸುಖವಾಗಿರಿ. ನಾನು ಇಲ್ಲಿಂದ ಬರಾಕಿಲ್ಲ."

"ಹೊಳೆ ಬಂದ್ರೆ ಏನವ್ವ ಮಾಡ್ತೀಯ?"

"ಅಟ್ಟ ಹತ್ತಿ ಕುಂತ್ಕೋತೀನಿ."

ಅಟ್ಟ ಹತ್ತಿ ಕೂರಲು ಅಲ್ಲಿ ಜಾಗವಾದರೂ ಎಲ್ಲಿತ್ತು? ನಡುಮನೆಯ ಉದ್ದಕ್ಕೂ ಇದ್ದ ಆ ಅಟ್ಟದಲ್ಲಿ ಹಂಡೆ, ಕೊಪ್ಪರಿಗೆ, ಒನಕೆ, ಪೆಟ್ಟಿಗೆ, ಬುಟ್ಟಿ, ಮರಿಗೆ ಒಂದರ ಮೇಲೊಂದು ತೊಲೆಯ ತನಕ ಒಟ್ಟಿದ್ದವು. ಅಲ್ಲಿ ಹಿಡಿಸದೆ ಉಳಿದದ್ದು ಕೆಳಗೆ ಇಳಿದು, ಮಲಗುವ ಕೋಣೆಯ ಅರ್ಧವನ್ನು ತಿಂದಿತ್ತು. ನಾವು ಗಂಡಹೆಂಡಿರಿಗೆ ಒಂದು ಚಾಪೆ ಹಾಸುವಷ್ಟು ಜಾಗ ಉಳಿದಿತ್ತು. ಇಷ್ಟೊಂದು ಪಾತ್ರೆ ಇದ್ದೂ ಅತ್ತೆ ಮೂರು ಮಡಕೆಯಲ್ಲೇ ಅಡಿಗೆ ಮುಗಿಸುತ್ತಿದ್ದರು. ಮುದುಕಿಗೆ ಆಸೆ ಬಹಳ, ಬಳಸಲೂ ಮನಸ್ಸಿಲ್ಲ, ಬಿಡಲೂ ಮನಸ್ಸಿಲ್ಲ ಎಂದು ನಾನು ಎಣಿಸಿದೆ. ತವರಿಗೆ ಹೋದಾಗ ನಮ್ಮವ್ವನ ಹತ್ತಿರ ಹಾಗೆಂದು ನಕ್ಕಿದ್ದೂ ಉಂಟು.

ಕೂಡಿಟ್ಟ ಸಾಮಾನು ಬಿಟ್ಟು ಬರಲಾರದೆ ಅತ್ತೆ ಹೀಗೆ ಮಾಡುತ್ತಾರೆ, ಸಾಮಾನು ಕಡಿಮೆಯಾದರೆ ತಾವೇ ಬರುತ್ತಾರೆ ಎಂದು ನನಗೆ ತೋಚಿತು. ಸಂಕ್ರಾಂತಿ ಕಳೆದ ಮೇಲೆ, ಅವರು ಹೊಳೆಗೆ ಹೋದ ಹೊತ್ತು ನೋಡಿಕೊಂಡು ಏಣಿ ಹಾಕಿ ಹತ್ತಿದೆ. ಒಂದೊಂದು ಸಲಕ್ಕೆ ಒಂದೊಂದು. ಮುರಿದ ಮೊರ, ಗೆದ್ದಲು ಹಿಡಿದ ಮಣೆ, ತಳ ಕಿತ್ತ ಬಿದಿರು ಬುಟ್ಟಿ. ಎಲ್ಲ ಬಚ್ಚಲ ಒಲೆಗೆ ಹೋದವು. ಮೂಲೆಯಲ್ಲಿ ಸರಪಳಿ ಕಳಚಿಟ್ಟಿದ್ದ ತೊಟ್ಟಿಲೊಂದಿತ್ತು. ಅದರೊಳಗೆ ಒಂದು ಪುಟ್ಟ ಕೌದಿ. ನೀಲಿ ಅಂಚು, ನಡುವೆ ಕೆಂಪು, ಹಳದಿ ತುಂಡುಗಳು, ಒತ್ತೊತ್ತಾಗಿ ಹಾಕಿದ ಹೊಲಿಗೆ. ಇಲಿ ಒಂದು ಮೂಲೆಯನ್ನು ಕಡಿದು ಹತ್ತಿಯಂತೆ ಮಾಡಿತ್ತು. ಚೆಂದವಾಗಿದೆಯಲ್ಲ ಎಂದು ಒಂದು ಗಳಿಗೆ ಕೈಯಲ್ಲಿ ಹಿಡಿದುಕೊಂಡೆ. ಆಮೇಲೆ ಇಲಿ ಮೂತ್ರದ ವಾಸನೆಗೆ ಹೇಸಿ, ಅದನ್ನೂ ಒಲೆಗೆ ಹಾಕಿದೆ.

ಮರುದಿನ ಅತ್ತೆ ಕೆಳಗೆ ನಿಂತು ತಲೆಯೆತ್ತಿ ನೋಡಿದರು, ಅಷ್ಟೆ.

"ಬಿದಿರು ಬುಟ್ಟಿ ಎಲ್ಲೇ ಗೌರಿ?"

"ತಳ ಕಿತ್ತೋಗಿತ್ತು ಅತ್ತೆ. ಒಲೆಗೆ ಹಾಕ್ದೆ."

"ಇನ್ನೇನು ಹಾಕಿದೀಯ?"

ಅವರ ಮುಖದ ಬಣ್ಣ ಹೋಗಿದ್ದನ್ನು ನೋಡಿ ನನಗೆ ಹೆದರಿಕೆಯಾಯಿತು. "ಒಂದು ಮೊರ, ಒಂದು ಮಣೆ. ಇನ್ನೇನಿಲ್ಲ" ಅಂದೆ.

ಬಯ್ಯುತ್ತಾರೆಂದು ಕಾದೆ. ಅವರು ಬಯ್ಯಲಿಲ್ಲ. ಗಾಣದ ಕಲ್ಲಿಗೆ ಒರಗಿ ಕೂತರು. "ಅದು ನಮ್ಮದಲ್ಲ ಕಣೇ" ಅಂದರು. "ಅಟ್ಟದ ಮೇಲಿರೋದು ಒಂದೂ ನಮ್ಮದಲ್ಲ."

ಅಂದು ಅವರು ಹೇಳಿದ್ದು ಇಷ್ಟು. ಇಪ್ಪತ್ತು ವರ್ಷದ ಹಿಂದೆ ಊರಿನಲ್ಲಿ ಇಲಿ ಬಿದ್ದವು. ಪ್ಲೇಗು ಬಂತೆಂದು ಜನ ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಖಾಲಿ ಮನೆಗಳಿಗೆ ಕಳ್ಳರು ನುಗ್ಗತೊಡಗಿದರು. ನಮ್ಮ ಮಾವ ಗಟ್ಟಿ ಮನುಷ್ಯ. ಹೊಲದಲ್ಲಿ ದೊಡ್ಡ ಚಪ್ಪರ ಹಾಕಿ, ಯಾರು ಬೇಕಾದರೂ ಸಾಮಾನು ತಂದಿಡಿ, ನಾನು ಕಾಯುತ್ತೇನೆ ಅಂದರು. ಜನ ತಂದಿಟ್ಟರು. ಕಾಯಿಲೆ ಇಳಿದ ಮೇಲೆ ಬದುಕಿದವರು ಬಂದು ತೆಗೆದುಕೊಂಡು ಹೋದರು. ಬಾರದವರದ್ದು ಉಳಿಯಿತು. ಕೆಲವರು ಗುಡಿಸಲಿನಲ್ಲೇ ತೀರಿಕೊಂಡಿದ್ದರು, ಕೆಲವರು ಹೆದರಿ ನೆಂಟರ ಊರು ಸೇರಿದ್ದರು. ಉಳಿದದ್ದನ್ನು ಮಾವ ಬಿಸಿಲಿಗೆ ಹಾಕಿ, ಪಾತ್ರೆಗಳನ್ನು ಬೂದಿನೀರಿನಲ್ಲಿ ಕುದಿಸಿ, ಅಟ್ಟಕ್ಕೇರಿಸಿದರು. ಸಾಯುವಾಗ ಹೆಂಡತಿಯ ಕೈ ಹಿಡಿದು, ಕೇಳಿಕೊಂಡು ಬಂದವರಿಗೆ ಇಲ್ಲ ಅನ್ನಬೇಡ ಎಂದಿದ್ದರಂತೆ.

"ನಂಬಿ ಮಡಗಿ ಓಗವ್ರೆ. ಯಾವತ್ತೋ ಒಂದಿನ ಬಂದು ಗಾಣದ ಮನೆ ಎಲ್ಲಿ ಅಂತ ಕೇಳುದ್ರೆ? ಇಲ್ಲಿ ಬರೀ ಪಾಳುಗೋಡೆ ಇದ್ರೆ ಏನಂದ್ಕೊಂಡಾರು?"

ನಾನು ಆಗಲೇ ಕೌದಿಯ ವಿಷಯ ಹೇಳಬೇಕಿತ್ತು. ಹೇಳಲಿಲ್ಲ. ಬಟ್ಟೆಯ ತುಂಡು, ಇಲಿ ತಿಂದದ್ದು, ಯಾರಿಗೆ ನೆನಪಿದ್ದೀತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಬದಲಿಗೆ, "ಅವರು ಬರದಿದ್ರೆ ನಾವೇ ತಗೊಂಡೋಗಿ ಕೊಟ್ರೆ ಆಗಲ್ವಾ ಅತ್ತೆ?" ಅಂದೆ.

ಅತ್ತೆ ನನ್ನ ಮುಖವನ್ನೇ ನೋಡಿದರು. ಇಪ್ಪತ್ತು ವರ್ಷದಲ್ಲಿ ಯಾರಿಗೂ ಹೊಳೆಯದ ಮಾತೇನಲ್ಲ ಅದು. ಆದರೆ ಯಾರು ಎಲ್ಲಿದ್ದಾರೆಂದು ತಿಳಿಯುವುದು ಹೇಗೆ?

ಅದಕ್ಕೆ ಸಿಕ್ಕಿದವರು ಹೈದರ್ ಸಾಬರು. ಅವರು ಹುಣಸೂರಿನವರು, ಕಲಾಯಿ ಹಾಕುವುದು ಅವರ ತಂದೆಯ ಕಾಲದ ಕಸುಬು. ಒಂದು ತಟ್ಟು ಕುದುರೆಯ ಮೇಲೆ ತಿದಿ, ತವರ, ಇದ್ದಿಲಿನ ಚೀಲ ಹೇರಿಕೊಂಡು ಹುಣಸೂರು, ಪಿರಿಯಾಪಟ್ಟಣ, ಕೋಟೆ, ಎಡತೊರೆ ಎಂದು ವರ್ಷವಿಡೀ ಸುತ್ತುತ್ತಿದ್ದರು. ಆ ಸೀಮೆಯಲ್ಲಿ ಅವರು ಕಾಣದ ಅಡಿಗೆಮನೆಯಿಲ್ಲ. ಮಾಘದಲ್ಲಿ ಅವರು ಬಂದಾಗ ಅತ್ತೆ ಅಟ್ಟದಿಂದ ಒಂದು ತಾಮ್ರದ ಹಂಡೆ ಇಳಿಸಿ ಮುಂದಿಟ್ಟರು. ಸಾಬರು ಅದನ್ನು ತಿರುಗಿಸಿ, ಕಂಠದ ಮೇಲೆ ಬೆರಳಾಡಿಸಿದರು.

"ಈ ತೇಪೆ ನಮ್ಮ ಅಬ್ಬಾ ಹಾಕಿದ್ದು ಅಮ್ಮಾರೇ. ಚುಂಚನಕಟ್ಟೆ ಕಡೇರದ್ದು. ಯಜಮಾನ ಇನ್ನೂ ಅವ್ರೆ, ಅಲ್ಲೇ ಗದ್ದೆ ಮಾಡ್ಕೊಂಡವ್ರೆ. ಓದ್ ತಿಂಗಳು ನೋಡ್ದೆ."

"ಬದುಕವ್ರಾ?" ಅತ್ತೆ ಎದ್ದು ನಿಂತರು.

"ಬದುಕಿಲ್ದೆ ಏನು? ನಂಗೆ ಅಂಬಲಿ ಕೊಟ್ರು."

ಅಲ್ಲಿಂದ ನಮ್ಮ ಕೆಲಸ ಶುರುವಾಯಿತು. ಸಾಬರು ಬಂದಾಗಲೆಲ್ಲ ಎರಡು ಮೂರು ಸಾಮಾನು ಇಳಿಸುವುದು, ಅವರು ಗುರುತು ಹಿಡಿಯುವುದು, ಗೊತ್ತಾಗದಿದ್ದರೆ ಮುಂದಿನ ಸುತ್ತಿನಲ್ಲಿ ವಿಚಾರಿಸಿ ಬರುವುದು. ಯಾವುದೇ ಪಾತ್ರೆಯನ್ನು ಕೊಡುವ ಮೊದಲು ಅದಕ್ಕೆ ಕಲಾಯಿ ಆಗಲೇಬೇಕು, ಕಿಲುಬಿನ ಪಾತ್ರೆ ವಾಪಸು ಕೊಡುವುದು ಮರ್ಯಾದೆಯಲ್ಲ ಎಂದು ಅತ್ತೆಯ ಕಟ್ಟಪ್ಪಣೆ. ನಮ್ಮ ಯಜಮಾನರು ವಾರದಲ್ಲಿ ಎರಡು ದಿನ ಎಣ್ಣೆ ಗಾಡಿ ಕಟ್ಟಿಕೊಂಡು ಸಂತೆಗಳಿಗೆ ಹೋಗುತ್ತಿದ್ದರು. ಆ ಗಾಡಿಯಲ್ಲಿ ಅತ್ತೆ ಸಾಮಾನನ್ನೂ, ಕೈಯಾರೆ ಕೊಟ್ಟು ಬರಲು ನನ್ನನ್ನೂ ಕಳಿಸುತ್ತಿದ್ದರು. ತಾವು ಮಾತ್ರ ಮನೆ ಬಿಟ್ಟು ಅಲುಗುತ್ತಿರಲಿಲ್ಲ. ಉಳಿದದ್ದನ್ನು ಕೇಳಿಕೊಂಡು ಯಾರಾದರೂ ಬಂದರೆ?

ಮೊದಲು ಹೋದದ್ದು ಚುಂಚನಕಟ್ಟೆಗೆ. ನಮ್ಮವರು ದಾರಿಯುದ್ದಕ್ಕೂ ಗೊಣಗಿದರು. ಮನೆ ಬಾಗಿಲಲ್ಲಿ ಹಂಡೆ ಇಳಿಸಿದಾಗ ಯಜಮಾನ ಮುದುಕರು ಕಣ್ಣು ಕಿರಿದು ಮಾಡಿ ನೋಡಿ, ಹಂಡೆಯ ಪಕ್ಕದ ತಗ್ಗಿನ ಮೇಲೆ ಕೈಯಿಟ್ಟರು.

"ಇದು ನನ್ನ ತಮ್ಮ ಎತ್ತಾಕಿದ್ದು" ಅಂದು ಜೋರಾಗಿ ನಕ್ಕರು. "ಮೈಮೇಲೆ ಬಿಸಿನೀರು ಬಿದ್ದು ಕುಣಿದಿದ್ದ ನನ್ಮಗ." ನಗುತ್ತಲೇ ಅವರ ಕಣ್ಣಲ್ಲಿ ನೀರು ಇಳಿಯಿತು. ಆ ತಮ್ಮ ಪ್ಲೇಗಿನಲ್ಲಿ ಹೋದವನು. ಗದ್ದೆಯ ಹೊಸ ಅಕ್ಕಿ ಕೊಟ್ಟು, ಬರಿಗೈಲಿ ಹೋಗಬಾರದು ಎಂದು ಬೀಳ್ಕೊಟ್ಟರು. ವಾಪಸು ಬರುವಾಗ ನಮ್ಮವರು ಗೊಣಗಲಿಲ್ಲ. "ಮುಂದಿನ ವಾರ ಎಲ್ಲಿಗೆ?" ಎಂದು ಅವರೇ ಕೇಳಿದರು.

ಎಲ್ಲ ಮನೆಗಳೂ ಹಾಗಿರಲಿಲ್ಲ. ಹುಣಸೂರಿನ ಒಬ್ಬರು ಕೊಪ್ಪರಿಗೆಯನ್ನು ದೂರದಿಂದಲೇ ನೋಡಿ, "ಆ ವರ್ಷದ ಸಾಮಾನು ನನ್ನ ಹೊಸಲು ದಾಟಕೂಡದು" ಎಂದು ಬಾಗಿಲು ಹಾಕಿಕೊಂಡರು. ಮನೆಗೆ ಬಂದು ಸಿಟ್ಟಿನಿಂದ ಹೇಳಿದರೆ ಅತ್ತೆ, "ಅವನ್ನ ಬಯ್ಯಬೇಡ ಕಣೇ. ಒಂದೇ ವಾರದಲ್ಲಿ ಮೂರು ಹೆಣ ಹೊತ್ತೋನು. ಅವನ ಕಣ್ಣಿಗೆ ಅದು ಕೊಪ್ಪರಿಗೆಯಾಗಿ ಕಂಡಿರಾಕಿಲ್ಲ" ಅಂದರು. ಆ ಕೊಪ್ಪರಿಗೆಯನ್ನು ಹೊಸ ಊರಿನಲ್ಲಿ ರಸ್ತೆ ಮಾಡುತ್ತಿದ್ದ ಕೂಲಿಯವರಿಗೆ ಕುಡಿಯುವ ನೀರು ತುಂಬಿಸಲು ಇಟ್ಟೆವು. ಬೇಸಿಗೆ ಕಳೆಯುವ ತನಕ ಅದು ಅಲ್ಲೇ ಇತ್ತು.

ಯುಗಾದಿ ಬಂತು, ಹೋಯಿತು. ಅಟ್ಟದಲ್ಲಿ ತೊಲೆ ಕಂಡಿತು, ಆಮೇಲೆ ಹಿಂದಿನ ಗೋಡೆ ಕಂಡಿತು. ಮಲಗುವ ಕೋಣೆಯಲ್ಲಿ ಕಿಟಕಿಯೊಂದಿದೆ ಎಂದು ನನಗೆ ಗೊತ್ತಾದದ್ದೇ ಆಗ. ಅತ್ತೆಯೂ ಬದಲಾಗುತ್ತಿದ್ದರು. ನಾನು ಹಿಂತಿರುಗಿದ ಕೂಡಲೇ ಕೂರಿಸಿಕೊಂಡು, ಆ ಮನೆಯಲ್ಲಿ ಯಾರಿದ್ದರು, ಏನೆಂದರು, ಏನು ಉಟ್ಟಿದ್ದರು, ಏನು ಬಡಿಸಿದರು ಎಂದು ಎಳೆಎಳೆಯಾಗಿ ಕೇಳುತ್ತಿದ್ದರು. ಸತ್ತರೆಂದು ತಿಳಿದಿದ್ದ ಇಬ್ಬರು ಬದುಕಿದ್ದ ಸುದ್ದಿ ಬಂದ ದಿನ ಪಾಯಸ ಮಾಡಿದರು.

ವೈಶಾಖ ಮುಗಿಯುವ ಹೊತ್ತಿಗೆ ಉಳಿದದ್ದು ಆ ತೊಟ್ಟಿಲೊಂದೇ. ಅದು ಸಣ್ಣಮ್ಮ ಎಂಬವಳದ್ದು. ಗಂಡ ಹೆಂಡತಿ ಇಬ್ಬರೂ ಎರಡು ದಿನದ ಅಂತರದಲ್ಲಿ ಹೋಗಿದ್ದರು. ಹಾಲು ಕುಡಿಯುವ ಹೆಣ್ಣುಕೂಸನ್ನು ಯಾರೋ ಚಿಕ್ಕಮ್ಮ ಬಂದು ಎತ್ತಿಕೊಂಡು ಹೋದಳಂತೆ. ಯಾವ ಊರಿಗೆಂದು ಕೇಳಲು ಆಗ ಯಾರಿಗೂ ಪುರುಸೊತ್ತಿರಲಿಲ್ಲ. ಕೂಸಿನ ಹೆಸರು ಚಿಕ್ಕತಾಯಿ ಎಂಬುದಷ್ಟೇ ಅತ್ತೆಗೆ ನೆನಪು. ಸಾಬರು ಪಿರಿಯಾಪಟ್ಟಣದ ಕಡೆ ಒಬ್ಬ ಚಿಕ್ಕತಾಯಿಯನ್ನು ಹುಡುಕಿದರು, ಅವಳಲ್ಲ. ಇನ್ನೊಬ್ಬಳು ಸಿಕ್ಕಳು, ಅವಳ ತಾಯಿ ಬದುಕಿದ್ದಳು. ಇತ್ತ ಕೊಡಗಿನಲ್ಲಿ ಮಳೆ ಹಿಡಿಯಿತು. ಹೊಳೆಯ ನೀರು ಕೆಂಪಾಯಿತು. ಬೀದಿಯ ಮನೆಗಳೆಲ್ಲ ಖಾಲಿಯಾಗಿ, ತೊಲೆ ಬಾಗಿಲು ಕಿತ್ತುಕೊಂಡು ಹೋಗಿ, ನಮ್ಮದೊಂದೇ ಒಲೆ ಉರಿಯುತ್ತಿತ್ತು.

"ತೊಟ್ಟಿಲನ್ನೂ ಗಾಡಿಗೆ ಹಾಕೋಣ, ನಡಿಯವ್ವ" ಎಂದು ನಮ್ಮವರು ಬೇಡಿಕೊಂಡರು.

"ಸಾಬ್ರು ಇನ್ನೊಂದು ಸುತ್ತು ಓಗಿ ಬರ್ಲಿ ಕಣೋ ಸಿದ್ದ. ಇಷ್ಟು ಕಾದು ಕೊನೇಗೆ ಬುಟ್ಟು ಬರ್ಲಾ?"

ನೀರು ಎರಡನೇ ಮೆಟ್ಟಿಲಿಗೆ ಬಂದ ದಿನ ಮಧ್ಯಾಹ್ನ, ಜಡಿಮಳೆಯಲ್ಲಿ ಕಮಾನು ಗಾಡಿಯೊಂದು ಬಂದು ನಿಂತಿತು. ಮುಂದೆ ತಟ್ಟು ಕುದುರೆ ಹಿಡಿದುಕೊಂಡು, ಗೋಣಿಕೊಪ್ಪೆ ಹಾಕಿಕೊಂಡು ಸಾಬರು. ಗಾಡಿಯಿಂದ ತುಂಬು ಬಸುರಿಯೊಬ್ಬಳು ಗಂಡನ ಹೆಗಲು ಹಿಡಿದು ಇಳಿದಳು. ಅವಳೇ ಚಿಕ್ಕತಾಯಿ, ಕೋಟೆ ದಾರಿಯ ಒಂದು ಹಳ್ಳಿಯಲ್ಲಿ ಸಾಬರಿಗೆ ಸಿಕ್ಕಿದ್ದಳು. ನಾವೇ ತೊಟ್ಟಿಲು ತಂದುಕೊಡುತ್ತೇವೆಂದು ಸಾಬರು ಹೇಳಿದರೂ ಕೇಳದೆ ಹೊರಟು ಬಂದಿದ್ದಳು.

ಒಳಗೆ ಬಂದವಳು ತೊಟ್ಟಿಲ ಮಾತೇ ಎತ್ತಲಿಲ್ಲ. ಅತ್ತೆಯ ಮುಂದೆ ಕೂತು, "ನಮ್ಮವ್ವನ್ನ ನೀವು ನೋಡಿದ್ರಂತೆ" ಅಂದಳು. "ಎಂಗಿದ್ಳು ಅಂತ ಯಾರೂ ಯೋಳ್ಲಿಲ್ಲ ಕಣವ್ವ. ಚಿಕ್ಕವ್ವನ್ನ ಕೇಳುದ್ರೆ, ಬುಡು, ಸತ್ತೋರ ಸುದ್ದಿ ಯಾಕೆ ಅಂತಿದ್ಳು."

ಅತ್ತೆ ಅವಳ ಒದ್ದೆ ತಲೆಯನ್ನು ಸೆರಗಿನಿಂದ ಒರೆಸುತ್ತಾ ಹೇಳತೊಡಗಿದರು. "ಕಪ್ಪಗಿದ್ಳು, ನಿನ್ನಂಗೇ. ಕಣ್ಣು ಮಾತ್ರ ಮಿಣಮಿಣ ಅನ್ನೋವು. ಎಡಗೈಲೇ ರಾಗಿ ಬೀಸೋಳು. ನಮ್ಮತ್ತೆ ಬಯ್ಯೋರು, ಎಡಗೈಲಿ ಬೀಸಬ್ಯಾಡ ಕಣೇ ಅಂತ. ಅವಳು ನಗೋಳು. ಬಲಗೈ ಮಗೀಗೆ ಕಣಮ್ಮ, ಎಡಗೈ ಕೆಲಸಕ್ಕೆ ಅನ್ನೋಳು."

ಚಿಕ್ಕತಾಯಿ ತನ್ನ ಎಡಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. "ನಾನೂ ಎಡಚಿ" ಅಂದಳು. "ಎಲ್ಲಿಂದ ಬಂತೋ ಈ ಕೆಟ್ಟ ಚಾಳಿ ಅಂತ ಹುಟ್ಟಿದಾಗಿಂದ ಹೊಡೆಸ್ಕೊಂಡಿದೀನಿ." ಅಷ್ಟು ಹೇಳಿ ಅಳಲು ತೊಡಗಿದಳು. ಸಾಬರು ಮುಖ ತಿರುಗಿಸಿಕೊಂಡು ಜಗಲಿಗೆ ಹೋದರು.

ಅವಳು ಸುಧಾರಿಸಿಕೊಂಡ ಮೇಲೆ ಅತ್ತೆ ತೊಟ್ಟಿಲು ಇಳಿಸಿದರು. ಒಳಗೆ ಕೈಯಾಡಿಸಿದರು. ಮತ್ತೆ ಆಡಿಸಿದರು. "ಒಂದು ಕೌದಿ ಇತ್ತಲ್ಲ. ಸಣ್ಣಮ್ಮ ಬಸುರಿಯಾಗಿದ್ದಾಗ ನಮ್ಮ ಜಗಲೀಲಿ ಕೂತು ಹೊಲಿದದ್ದು. ಎಲ್ಲೋಯ್ತು?"

ಇಲಿ ಎಳೆದುಕೊಂಡು ಹೋಗಿರಬೇಕು ಎಂದರೆ ಮುಗಿಯುತ್ತಿತ್ತು. ಆ ಮಾತು ನನ್ನ ಬಾಯಿಯ ತನಕ ಬಂದಿತ್ತು. ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಅವಳನ್ನು ನೋಡಿ ಅದು ಆಗಲಿಲ್ಲ.

"ನಾನು ಸುಟ್ಟುಬಿಟ್ಟೆ" ಅಂದೆ. "ಅವತ್ತೇ. ಅತ್ತೆ ಕೇಳಿದಾಗ ಸುಳ್ಳು ಹೇಳಿದೆ."

ಅತ್ತೆ ನನ್ನನ್ನು ನೋಡಿದ ನೋಟ ಇವತ್ತಿಗೂ ನನಗೆ ನೆನಪಿದೆ. ಅದರಲ್ಲಿ ಸಿಟ್ಟಿಗಿಂತ ಆಯಾಸ ಹೆಚ್ಚಿತ್ತು. ಆಮೇಲೆ ಅವರು ಚಿಕ್ಕತಾಯಿಯ ಕಡೆ ತಿರುಗಿದರು. "ತಪ್ಪು ನಂದೂ ಐತೆ ಕಣವ್ವ. ಯಾವುದು ಯಾರದು ಅಂತ ಮನೇಲಿ ಒಬ್ಬರಿಗೂ ಯೋಳ್ಲಿಲ್ಲ. ಮುಚ್ಚಿ ಮಡಗಿದ್ರೆ ಕಾದಂಗೆ ಅಂದ್ಕೊಂಡಿದ್ದೆ."

ಚಿಕ್ಕತಾಯಿ ನನ್ನನ್ನು ಕೇಳಿದ್ದು ಒಂದೇ ಮಾತು. "ಸುಡಕ್ ಮುಂಚೆ ನೋಡಿದ್ರಾ ಅಕ್ಕಾ? ಯಾವ ಬಣ್ಣ ಇತ್ತು?"

ನಾನು ನೋಡಿದ್ದೆ. ನೀಲಿ ಅಂಚನ್ನು ಹೇಳಿದೆ, ಕೆಂಪು ತುಂಡಿನ ಪಕ್ಕ ಹಳದಿ ಎಲ್ಲಿತ್ತೆಂದು ಹೇಳಿದೆ, ಹೊಲಿಗೆ ಎಷ್ಟು ಒತ್ತಾಗಿತ್ತೆಂದು ನೆಲದ ಮೇಲೆ ಉಗುರಿನಿಂದ ಗೀರಿ ತೋರಿಸಿದೆ. ಅವಳು ಕಣ್ಣು ಮಿಟುಕಿಸದೆ ಕೇಳಿಸಿಕೊಂಡಳು. ಹೊರಡುವಾಗ ನನ್ನ ಕೈಯನ್ನು ಒಂದು ಸಲ ಒತ್ತಿದಳು. ಕ್ಷಮಿಸಿದಳೋ, ಬರೀ ವಿದಾಯವೋ, ನನಗೆ ತಿಳಿಯಲಿಲ್ಲ.

ಮಾರನೆಯ ಬೆಳಿಗ್ಗೆ ನಾವು ಮನೆ ಬಿಟ್ಟೆವು. ಅಷ್ಟು ದೊಡ್ಡ ಮನೆಯಲ್ಲಿ ನಮ್ಮದು ಅನ್ನುವ ಸಾಮಾನು ಒಂದು ಗಾಡಿಯಷ್ಟೂ ಇರಲಿಲ್ಲ; ಎಲ್ಲ ಹೇರಿದ ಮೇಲೂ ಅತ್ತೆ ಕಾಲು ಚಾಚಿ ಕೂರುವಷ್ಟು ಜಾಗ ಉಳಿದಿತ್ತು. ಗಾಣದ ಕಲ್ಲನ್ನು ನಮ್ಮವರು ಮೊದಲೇ ಸಾಗಿಸಿದ್ದರು. ನಾಲ್ಕು ದಿನ ಕಳೆದು ಹೊಳೆ ಆ ಬೀದಿಗೆ ನುಗ್ಗಿ, ನಮ್ಮ ನಡುಮನೆಯಲ್ಲಿ ಮಂಡಿಯುದ್ದ ನೀರು ನಿಂತಿತೆಂದು ಸುದ್ದಿ ಬಂತು. ಅತ್ತೆ ಕೇಳಿಸಿಕೊಂಡು, "ನಿಲ್ಲಲಿ ಬುಡು" ಎಂದು ಸೊಪ್ಪು ಸೋಸುವುದನ್ನು ಮುಂದುವರಿಸಿದರು.

ಹೊಸ ಮನೆಯಲ್ಲಿ ಗೋಡೆ ಮುಟ್ಟಲು ನಾಲ್ಕು ಹೆಜ್ಜೆ ನಡೆಯಬೇಕಿತ್ತು. ಆ ಬಯಲು ನೆಲದ ನಡುವೆ ಕೂತು ಆ ಮಳೆಗಾಲವೆಲ್ಲ ನಾನು ಒಂದು ಕೌದಿ ಹೊಲಿದೆ. ನೀಲಿಗೆ ಅತ್ತೆ ತಮ್ಮ ಹಳೇ ಸೀರೆಯ ಅಂಚು ಹರಿದುಕೊಟ್ಟರು, ಹಳದಿಗೆ ನನ್ನ ಮದುವೆಯ ಕುಪ್ಪಸ ಹೋಯಿತು. ಬಣ್ಣಗಳನ್ನು ನೆನಪಿದ್ದಂತೆಯೇ ಕೂಡಿಸಿದೆ. ಸಣ್ಣಮ್ಮನ ಹೊಲಿಗೆ ನನ್ನ ಕೈಗೆ ಬರಲಿಲ್ಲ. ಎರಡು ಸಲ ಬಿಚ್ಚಿ ಹೊಲಿದೆ, ಆಮೇಲೆ ನನ್ನ ಹೊಲಿಗೆಯಲ್ಲೇ ಮುಗಿಸಿದೆ.

ಭಾದ್ರಪದದಲ್ಲಿ ಸಾಬರು ಸುದ್ದಿ ತಂದರು. ಚಿಕ್ಕತಾಯಿಗೆ ಗಂಡುಮಗು, ತೊಟ್ಟಿಲಿಗೆ ಹಾಕುವ ದಿನ ಗಾಣದ ಮನೆ ಅಮ್ಮ ಬರಲೇಬೇಕಂತೆ. ನಾನು ಆ ಮನೆ ಸೇರಿದ ಮೇಲೆ ಅತ್ತೆ ಒಂದು ರಾತ್ರಿಯೂ ಬೇರೆ ಕಡೆ ಮಲಗಿದವರಲ್ಲ. ತಮ್ಮ ತಂಗಿಯ ಮಗಳ ಮದುವೆಗೂ ಹೋಗಿರಲಿಲ್ಲ. ಈ ಸಲ ಯಾರನ್ನೂ ಕೇಳದೆ ಕೌದಿಯನ್ನು ಕಂಕುಳಲ್ಲಿಟ್ಟುಕೊಂಡು ಬೆಳಗಾಗುವ ಮೊದಲೇ ಗಾಡಿ ಹತ್ತಿದರು. ಎರಡು ದಿನಕ್ಕೆ ಬರುತ್ತೇನೆಂದು ಹೋದವರು ಎಂಟು ದಿನವಾದರೂ ಬರಲಿಲ್ಲ. ನಮ್ಮವರಿಗೆ ಗಾಬರಿಯಾಗಿ, ಆ ಕಡೆ ಹೊರಟಿದ್ದ ಸಾಬರ ಹತ್ತಿರ ಅವ್ವ ಯಾವಾಗ ಬರುತ್ತಾಳೆ ಕೇಳಿಕೊಂಡು ಬನ್ನಿ ಎಂದು ಹೇಳಿ ಕಳಿಸಿದರು.

ಸಾಬರು ಹಿಂತಿರುಗಿ ಬಂದು ತಟ್ಟು ಕುದುರೆಯನ್ನು ಬೇಲಿಗೆ ಕಟ್ಟಿ, ಜಗಲಿಯ ಮೇಲೆ ಕೂತು, ನಗುತ್ತಾ ಅತ್ತೆಯ ಉತ್ತರ ಒಪ್ಪಿಸಿದರು.

"ಅಮ್ಮಾರು ಬಾಣಂತೀಗೆ ನೀರು ಹಾಕ್ತಾ ಕುಂತವ್ರೆ ಸಿದ್ದಪ್ಪಾರೇ. ಇನ್ನೂ ಹದಿನೈದು ದಿನ ಇದ್ದು ಬತ್ತೀನಿ ಅಂದ್ರು. ಮನೇಲಿ ಏನೈತೆ ಕಾಯಾಕೆ ಅಂದ್ರು."